ಭಾನುವಾರ ಬಾರದ ಆಡುಗಳು

ಮೊರದಲ್ಲಿ ಬೇಳೆ ಅರ್ಧ ಆರಿಸಿಯಾಗಿತ್ತು. ಕಲ್ಲು ಒಂದು ಕಡೆ, ಕರಿಕಾಳು ಒಂದು ಕಡೆ. ಅಷ್ಟರಲ್ಲಿ ಅಡುಗೆಕೋಣೆಯ ಗೋಡೆಯ ಮೇಲಿನ ಡಬ್ಬಿ, ಗಂಟಲು ಸರಿಮಾಡಿಕೊಂಡವರ ಹಾಗೆ ಒಮ್ಮೆ ಗುರ್ ಎಂದು, ಆಮೇಲೆ ಹೇಳಿತು:

"ಇಂದು ಮಕ್ಕಳು, ನೂರ ಹದಿನಾರು. ಪ್ರಾಣಿ, ಮೂರು. ದಯವಿಟ್ಟು ಪ್ರಾಣಿಗಳನ್ನು ಹೊರಗೆ ಕಳುಹಿಸಿ."

ನಾನು ನೂರ ಹದಿನಾರು ಮಕ್ಕಳಿಗೆ ಅಕ್ಕಿ ಅಳೆದು, ಅದರ ಮೇಲೆ ಮೂರು ಹಿಡಿ ಹಾಕಿದೆ. ಮೂರು ಪ್ರಾಣಿಗಳಲ್ಲಿ ಒಂದು ಆಗಲೇ ನನ್ನ ಸೆರಗು ಹಿಡಿದು ನಿಂತಿತ್ತು. ಮೂಗು ಸೋರುತ್ತಿತ್ತು.

"ಬೆಲ್ಲ" ಎಂದಿತು.

"ಉಂಡ ಮ್ಯಾಲೆ."

"ಈಗ ಬೆಲ್ಲ."

"ನಿನಗ ಹೊರಗ ಕಳಸು ಅಂತ ಹುಕುಂ ಆಗ್ಯಾದ. ನೀ ನೋಡಿದ್ರ ಬೆಲ್ಲ ಕೇಳ್ಲತ್ತಿ."

ಆ ಪ್ರಾಣಿಯ ಹೆಸರು ಕಸ್ತೂರಿ. ವಯಸ್ಸು ಎರಡೂವರೆ. ಐದನೇ ತರಗತಿಯ ಜಗದೇವಿಯ ತಂಗಿ. ತಾಯಿ ಮಲ್ಕಮ್ಮ ಬೆಳಗ್ಗೆ ಏಳಕ್ಕೇ ಕಲ್ಲಿನ ಖಣಿಗೆ ಹೋಗುತ್ತಾಳೆ. ಅಂಗನವಾಡಿಯ ಗೋಡೆ ಬಿರಿದ ಮೇಲೆ ಅದನ್ನು ಖಣಿಯ ಆಚೆ ದಂಡೆಗೆ ಸಾಗಿಸಿದ್ದಾರೆ. ಅಲ್ಲಿಗೆ ಹೋಗಬೇಕಾದರೆ ನೀರು ತುಂಬಿದ ಹಳೆಯ ಖಣಿಯ ಅಂಚು ಹಿಡಿದು ನಡೆಯಬೇಕು. ಹೀಗಾಗಿ ಜಗದೇವಿ ತಂಗಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ಶಾಲೆಗೆ ಬರುತ್ತಾಳೆ. ಇನ್ನೆರಡು ಮನೆಯ ಮಕ್ಕಳೂ ಹಾಗೆಯೇ ತಮ್ಮ ತಂಗಿಯರನ್ನು ತರುತ್ತಾರೆ. ತರಬೇಡ ಎಂದರೆ ಚಿಕ್ಕದು ಮನೆಯಲ್ಲಿ ಉಳಿಯುತ್ತದೆ, ಅದರ ಜೊತೆಗೆ ದೊಡ್ಡದೂ ಉಳಿಯುತ್ತದೆ.

ನಮ್ಮ ಕಲ್ಲಹಂಗರಗಿಯ ನೆಲ ಗುಡುಗಲು ಶುರುವಾಗಿ ಆಗ ನಾಲ್ಕು ವರ್ಷ. ಮೋಡವಿಲ್ಲದ ದಿನ ಕಾಲಡಿಯಿಂದ ಗುಡುಗು ಬರುತ್ತದೆ. ಪಾತ್ರೆಯ ಮುಚ್ಚಳಗಳು ತಮ್ಮಷ್ಟಕ್ಕೇ ಮಾತಾಡುತ್ತವೆ. ತಿಳಿದವರು ಬಂದು ಮಣ್ಣು ತೋಡಿ ನೋಡಿದರು. ಕೆಳಗಿನ ಸುಣ್ಣದ ಕಲ್ಲಿನಲ್ಲಿ ನೀರು ದಾರಿ ಮಾಡಿಕೊಂಡಿದೆ, ಟೊಳ್ಳು ಕುಸಿದಾಗ ಹೀಗಾಗುತ್ತದೆ, ಹೆದರಬೇಡಿ, ಆದರೆ ಸಿದ್ಧರಾಗಿರಿ ಎಂದರು. ಆಮೇಲೆ ಜಿಲ್ಲೆಯ ಶಾಲೆಗಳಿಗೆಲ್ಲ ನೆಲಪಟ್ಟಿ ಬಂತು.

ಶಾಲೆಯ ನೆಲದ ಪರಸಿ ಕಲ್ಲುಗಳನ್ನೆಲ್ಲ ಎಬ್ಬಿಸಿ, ಕೆಳಗೆ ಸೀರೆಯ ಅಂಚಿನಷ್ಟು ಅಗಲದ ಕಪ್ಪು ಪಟ್ಟಿ ಹಾಸಿ, ಮತ್ತೆ ಕಲ್ಲು ಕೂರಿಸಿದರು. ಆ ಪಟ್ಟಿಗೆ ಹೆಜ್ಜೆ ತಿಳಿಯುತ್ತದೆ. ಶಾಲೆಗೆ ಸೇರಿದ ದಿನ ಪ್ರತಿ ಮಗುವೂ ಪಡಸಾಲೆಯಲ್ಲಿ ಹತ್ತು ಸಲ ಓಡಾಡಬೇಕು. ಹಿಮ್ಮಡಿ ಮೊದಲೋ ಬೆರಳು ಮೊದಲೋ, ಭಾರ ಎಡಗಾಲಿಗೋ ಬಲಗಾಲಿಗೋ, ಹೆಜ್ಜೆಗೂ ಹೆಜ್ಜೆಗೂ ಎಷ್ಟು ದೂರ, ಇದನ್ನೆಲ್ಲ ಗೋಡೆಯ ಡಬ್ಬಿಯೊಳಗಿನ ಯಂತ್ರ ಕಲಿತು ಹೆಸರಿಗೆ ಕಟ್ಟಿಕೊಳ್ಳುತ್ತದೆ. ನನ್ನದನ್ನೂ ಕಲಿತಿದೆ. ನನ್ನ ಬಲಮೊಣಕಾಲು ನೋಯುವುದು ಡಾಕ್ಟರಿಗಿಂತ ಮೊದಲು ಅದಕ್ಕೇ ಗೊತ್ತಾಗಿತ್ತು.

ನೆಲ ನಡುಗಿದಾಗ ಯಾವ ಮಗು ಯಾವ ಕೋಣೆಯಲ್ಲಿದೆ ಎಂದು ಅದು ಜಿಲ್ಲೆಯ ಕಂಪಕೇಂದ್ರಕ್ಕೆ ತಿಳಿಸುತ್ತದೆ. ಹೆಸರಿರುವ ಕೊನೆಯ ಹೆಜ್ಜೆ ಹೊರಗೆ ಬಿದ್ದ ಕೂಡಲೇ ಬಾಗಿಲುಗಳು ತಾವೇ ಹಾಕಿಕೊಳ್ಳುತ್ತವೆ. ಯಾವುದೋ ಶಾಲೆಯಲ್ಲಿ ಹುಡುಗನೊಬ್ಬ ಪಾಟೀಚೀಲಕ್ಕೆಂದು ಒಳಗೆ ಓಡಿ ಕಾಲು ಮುರಿದುಕೊಂಡಿದ್ದನಂತೆ. ಮತ್ತೆ ಯಾರೂ ಒಳಗೆ ಹೋಗಬಾರದೆಂದು ಈ ಏರ್ಪಾಡು. ಹೊರಗಿನಿಂದ ತೆಗೆಯಲು ಬರುವುದಿಲ್ಲ. ಕೇಂದ್ರದವರೇ ತೆಗೆಯಬೇಕು.

ಇನ್ನು ನಾಯಿ, ಬೆಕ್ಕು, ಆಡು ಒಳಗೆ ನುಗ್ಗುತ್ತವಲ್ಲ, ಅವನ್ನು ಮಕ್ಕಳೆಂದು ಎಣಿಸಿದರೆ ಲೆಕ್ಕವೇ ಕೆಡುತ್ತದೆ. ಅದಕ್ಕೆ ಹನ್ನೆರಡು ಕಿಲೋಗಿಂತ ಹಗುರಾದ, ಹೆಸರು ಕಲಿಸದ ಹೆಜ್ಜೆ ಬಿದ್ದರೆ ಪ್ರಾಣಿ ಎಂದು ಬರೆದುಕೊಳ್ಳುವಂತೆ ಯಂತ್ರಕ್ಕೆ ಹೇಳಿಟ್ಟಿದ್ದಾರೆ. ಕಸ್ತೂರಿ ಹತ್ತೂವರೆ ಕಿಲೋ. ಮೆಟ್ಟಿಲು ಬಂದರೆ ಕೈಯೂ ಊರುತ್ತಾಳೆ.

ಮೊದಲು ಇದು ಗೊತ್ತಾದದ್ದು ಜೂನ್ ತಿಂಗಳ ಅಣಕು ಕವಾಯತಿನಲ್ಲಿ. ಮಕ್ಕಳೆಲ್ಲ ಬೆಂಚಿನ ಕೆಳಗೆ ಹೊಕ್ಕು ತಲೆ ಮುಚ್ಚಿಕೊಂಡು, ಆಮೇಲೆ ಕೈ ಕೈ ಹಿಡಿದು ಹೊರಗೆ ಬಂದರು. "ಎಲ್ಲರೂ ಹೊರಗಿದ್ದಾರೆ" ಎಂದು ಯಂತ್ರ ಸಾರಿತು, ಬಾಗಿಲು ಹಾಕಿತು. ಒಂದನೇ ತರಗತಿಯ ಕಿಟಕಿಯಿಂದ ಕಸ್ತೂರಿ ಸುಣ್ಣದ ಕಡ್ಡಿ ತಿನ್ನುತ್ತ ನಮ್ಮನ್ನು ನೋಡುತ್ತಿದ್ದಳು.

ಮುಖ್ಯಗುರುಗಳಾದ ಧೂಳಪ್ಪ ಸರ್ ಕೇಂದ್ರಕ್ಕೆ ಫೋನ್ ಮಾಡಿದರು. ಆಚೆಯಿಂದ ಒಬ್ಬ ಹುಡುಗಿಯ ದನಿ, "ಒಳಗ ಯಾರೂ ಇಲ್ಲಲ್ರೀ ಸರ. ಒಂದು ಪ್ರಾಣಿ ತೋರಸ್ಲತ್ತದ" ಎಂದಿತು. ಸರ್ ಕಸ್ತೂರಿಯನ್ನು ನೋಡಿದರು, ಜಗದೇವಿಯನ್ನು ನೋಡಿದರು. ಜಗದೇವಿಯ ಮುಖ ಬಿಳುಚಿಕೊಂಡಿತ್ತು.

"ಹೌದ್ರಿ ಮೇಡಂ. ಆಡಿನ ಮರಿ ಉಳದದ. ಬಾಗಿಲಾ ತಗೀರಿ" ಎಂದರು ಸರ್.

ಕವಾಯತಿನ ದಿನವಾದ್ದರಿಂದ ತೆಗೆದರು. ಆಡು ಎಂದು ದಾಖಲೂ ಆಯಿತು. ಅವತ್ತು ಊಟದ ಹೊತ್ತಿಗೆ ಮಕ್ಕಳೆಲ್ಲ ಕಸ್ತೂರಿಯನ್ನು ನೋಡಿ "ಮ್ಯಾ ಮ್ಯಾ" ಎನ್ನುತ್ತಿದ್ದರು. ಅವಳೂ "ಮ್ಯಾ" ಎಂದು ಉತ್ತರ ಕೊಡುತ್ತಿದ್ದಳು. ನಾನೂ ನಕ್ಕೆ. ಆದರೆ ಆ ವಾರವೇ ಒಂದು ಗೀಟು ಹಾಳೆ ತೆಗೆದುಕೊಂಡು, ಅದು ಆಡಲ್ಲ, ಕೂಸು ಎಂದು ಕೇಂದ್ರಕ್ಕೆ ಕಾಗದ ಬರೆದೆ. ಚಿಕ್ಕವರೆಲ್ಲ ಆಯಿ ಎಂದು ಕರೆಯುವ ನಾನು ನಲವತ್ತೈದು ದಾಟಿದ ಮೇಲೆ ಇದೇ ಪಡಸಾಲೆಯ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತವಳು. ಒತ್ತಕ್ಷರಗಳು ಇಂದಿಗೂ ಕೈ ಹಿಡಿದು ಜಗ್ಗುತ್ತವೆ. ನಾಲ್ಕು ಸಾಲಿಗೆ ಎರಡು ದಿನ ಹಿಡಿಯಿತು.

ಸರ್ ಓದಿದರು. ಮಡಚಿ ನನ್ನ ಕೈಗೇ ಕೊಟ್ಟರು.

"ಚಂದಮ್ಮ, ಬರದದ್ದು ಖರೆ ಅದ. ಖರೆ ಇದ್ದದ್ದಕ್ಕ ಅಂಜಿಕಿ. ಇದು ಹೋಯ್ತಂದ್ರ ನಾಳಿ ಹುಕುಂ ಬರ್ತದ, ಹೆಸರಿಲ್ಲದ ಕೂಸುಗಳಿಗೆ ಒಳಗ ಬಿಡಬ್ಯಾಡ್ರಿ ಅಂತ. ಜಗದೇವಿ ಏನ್ ಮಾಡ್ತಾಳ ಆಗ?"

"ಮನ್ಯಾಗ ಕುಂದಿರ್ತಾಳ್ರಿ."

"ಹತ್ತು ವರ್ಷದಾಕಿ. ಅಪೂರ್ಣಾಂಕದ ಲೆಕ್ಕ ಈಗ ಈಗ ತಲಿಗಿ ಹತ್ತಲತ್ತಾವ. ಒಂದು ವರ್ಷ ಕುಂತ್ಳು ಅಂದ್ರ ಮತ್ತ ಬರಂಗಿಲ್ಲ."

ನನ್ನನ್ನು ಮನೆಯಲ್ಲಿ ಕೂರಿಸಿದ್ದೂ ಒಬ್ಬ ತಮ್ಮನ ಸಲುವಾಗಿಯೇ. ಆಗ ನನಗೆ ಏಳು ವರ್ಷ. ಕಾಗದವನ್ನು ಅರಿಶಿಣದ ಡಬ್ಬಿಯ ತಳದಲ್ಲಿಟ್ಟೆ. ಅಡುಗೆಗೆ ಅರಿಶಿಣ ತೆಗೆಯುವಾಗಲೆಲ್ಲ ಚಮಚ ಅದಕ್ಕೆ ತಗಲುತ್ತಿತ್ತು. ದಿನಾ ತಗಲುತ್ತಿತ್ತು. ಕವಾಯತು ಮೊದಲೇ ಗೊತ್ತಿರುವುದರಿಂದ ಆ ದಿನ ಜಗದೇವಿ ತಂಗಿಯನ್ನು ಎತ್ತಿಕೊಂಡೇ ಕೂರುತ್ತಿದ್ದಳು. ಹೀಗೇ ನವೆಂಬರ್ ಬಂತು.

ಬೇಳೆ ಆರಿಸುತ್ತಿದ್ದೆನೆಂದು ಹೇಳಿದೆನಲ್ಲ, ಅದು ನವೆಂಬರಿನ ಒಂದು ಮಂಗಳವಾರ. ಕಸ್ತೂರಿ ಬೆಲ್ಲಕ್ಕೆ ಅತ್ತು ಅತ್ತು ಗೆದ್ದಳು. ತುಣುಕು ಹಿಡಿದುಕೊಂಡು ಉಗ್ರಾಣದ ಅಕ್ಕಿಚೀಲದ ಮೇಲೆ ಹತ್ತಿ ಕೂತವಳು ಹಾಗೆಯೇ ಕಣ್ಣು ಮುಚ್ಚಿದಳು. ಅಡುಗೆಕೋಣೆಯಲ್ಲಿ ಒಲೆಯ ಕಾವು, ಉಗ್ರಾಣ ತಂಪು. ನನ್ನ ಹಳೆಯ ಸೀರೆ ಮಡಚಿ ತಲೆಯಡಿ ಇಟ್ಟವಳು ನಾನೇ.

ಹನ್ನೊಂದೂ ನಲವತ್ತಕ್ಕೆ ಗುಡುಗು ಬಂತು. ಈ ಸಲ ಮುಚ್ಚಳಗಳು ಮಾತಾಡಲಿಲ್ಲ, ಬಿದ್ದವು. "ನೆಲ ನಡುಗುತ್ತಿದೆ. ತಲೆ ಮುಚ್ಚಿಕೊಳ್ಳಿ" ಎಂದಿತು ಡಬ್ಬಿ. ನಾನು ಕಲಿಸಿದ್ದನ್ನು ಕಲಿಸಿದಂತೆ ಮಾಡಿದೆ. ಸಿಲಿಂಡರಿನ ಕಿವಿ ತಿರುವಿದೆ, ಕುದಿಯುವ ಬೇಳೆಯಿಂದ ದೂರ ಸರಿದೆ, ಬಾಗಿಲ ಚೌಕಟ್ಟು ಹಿಡಿದು ನಿಂತೆ, ನಡುಕ ನಿಂತ ಮೇಲೆ ಹಿಂಬಾಗಿಲಿಂದ ಹೊರಗೆ ಬಂದೆ. ಐದು ತಿಂಗಳು ಕಲಿತ ಪಾಠ ಒಂದೂ ತಪ್ಪಲಿಲ್ಲ. ಪಾಠದಲ್ಲಿ ಕಸ್ತೂರಿ ಇರಲಿಲ್ಲ.

"ನೂರ ಹದಿನಾರು. ಎಲ್ಲರೂ ಹೊರಗಿದ್ದಾರೆ." ಕಟ್ ಎಂದು ಅಗಳಿಗಳು ಬಿದ್ದವು.

ಬೇವಿನ ಮರದ ಕೆಳಗಿನ ಸಾಲಿನಲ್ಲಿ ಉಳಿದೆರಡು ಕೂಸುಗಳು ತಮ್ಮ ಅಕ್ಕಂದಿರ ಸೊಂಟದ ಮೇಲಿದ್ದವು. ಅಲ್ಲಿಂದ ಜಗದೇವಿ ನನ್ನ ಕಡೆಗೆ ಓಡಿ ಬಂದಳು. ಬಂದು ನನ್ನ ಸೊಂಟ ನೋಡಿದಳು, ಬೆನ್ನ ಹಿಂದೆ ನೋಡಿದಳು.

"ಆಯೀ, ಕಸ್ತಿ ಎಲ್ಲಿ?"

ನಾನು ಉಗ್ರಾಣದ ಕಡೆಗೆ ತಿರುಗಿದೆ. ಅವಳು ಬಾಗಿಲಿಗೆ ಹೋಗಿ ಎರಡೂ ಕೈಯಿಂದ ಬಡಿಯತೊಡಗಿದಳು. ಅಳಲಿಲ್ಲ. ಬಡಿದಳು ಅಷ್ಟೇ.

ಗೇಟಿನ ಕಂಬದಲ್ಲಿ ಕೆಂಪು ಗುಂಡಿ ಇದೆ. ಒತ್ತಿದರೆ ಕೇಂದ್ರದವರು ಮಾತಾಡುತ್ತಾರೆ. ಸರ್ ಬರುವುದರೊಳಗೆ ನಾನೇ ಒತ್ತಿದೆ. ಜೂನಿನಲ್ಲಿ ಕೇಳಿದ್ದ ಅದೇ ಹುಡುಗಿಯ ದನಿ.

"ಕಲ್ಲಹಂಗರಗಿ, ಹೇಳ್ರಿ. ನಿಮ್ಮ ಮಕ್ಕಳು ಎಲ್ಲಾ ಹೊರಗ ಬಂದಾರ."

"ಬಂದಿಲ್ಲವ್ವ. ಉಗ್ರಾಣದಾಗ ಒಬ್ಬಾಕಿ ಅದಾಳ. ಬಾಗಿಲಾ ತಗಿ."

"ಉಗ್ರಾಣದಾಗ..." ಅವಳು ನೋಡುತ್ತಿದ್ದಳೆಂದು ಕಾಣುತ್ತದೆ. "ಅಲ್ಲಿ ಒಂದು ಆಡಿನ ಹೆಜ್ಜಿ ಹೋಗಿದ್ದು ತೋರಸ್ತದ ಆಯಿ. ಹೊರಗ ಬಂದಿಲ್ಲ. ಆಡಿನ ಸಲುವಾಗಿ ತಗೀಲಿಕ್ಕಿ ನನಗ ಹುಕುಂ ಇಲ್ಲ. ಇನ್ನೊಂದು ನಡುಕ ಬರೋದದ. ಯಾರೂ ಹತ್ರ ಹೋಗಬ್ಯಾಡ್ರಿ."

ಸರ್ ನನ್ನ ಪಕ್ಕಕ್ಕೆ ಬಂದು ನಿಂತಿದ್ದರು.

"ಅದು ಆಡಲ್ಲ ತಾಯಿ" ಎಂದೆ. "ಕೂಸು. ಹೆಣ್ಣ ಕೂಸು. ಎರಡೂವರಿ ವರ್ಷದ್ದು. ಕಸ್ತೂರಿ ಅಂತ ಹೆಸರು. ಇಷ್ಟು ದಿನ ಆಡು ಅಂದದ್ದು ನಾವೇ."

ನಾನು ಒಂದು ಉಸಿರು ಬಿಟ್ಟು ಇನ್ನೊಂದು ಎಳೆದುಕೊಳ್ಳುವಷ್ಟರಲ್ಲಿ ಅಗಳಿ ಸರಿದ ಸದ್ದು ಕೇಳಿತು.

ಒಳಗೆ ಹೋಗಲು ಜಗದೇವಿ ಹಾರಿದಳು. ಸರ್ ಅವಳ ರಟ್ಟೆ ಹಿಡಿದರು. ನಾನು ಹೋದೆ. ಪಡಸಾಲೆಯಲ್ಲಿ ಕಾಲಿಟ್ಟ ಕೂಡಲೇ ಡಬ್ಬಿ ನನ್ನ ಹೆಜ್ಜೆ ಗುರುತಿಸಿತು: "ಚಂದಮ್ಮ, ಹೊರಗೆ ಹೋಗಿ." ಮೊಣಕಾಲು ಹಿಡಿದುಕೊಂಡೇ ನಡೆದೆ. "ಚಂದಮ್ಮ, ಹೊರಗೆ ಹೋಗಿ." ಪ್ರತಿ ಹೆಜ್ಜೆಗೂ ಅದೇ ಮಾತು, ಸಿಟ್ಟಿಲ್ಲದ ಅದೇ ದನಿ. ಅದರ ಕರ್ತವ್ಯ ಅದು ಮಾಡುತ್ತಿತ್ತು. ನನ್ನ ಹೆಸರನ್ನು ಅಷ್ಟು ಸಲ ಯಾರೂ ಕರೆದದ್ದಿಲ್ಲ. ಒಳಗಿದ್ದ ಇನ್ನೊಬ್ಬಳನ್ನು ಅದು ಒಮ್ಮೆಯೂ ಕರೆಯಲಿಲ್ಲ.

ಕಸ್ತೂರಿ ಎದ್ದು ಚೀಲದ ಮೇಲೆ ಕೂತಿದ್ದಳು. ಮೈತುಂಬ ಸುಣ್ಣದ ಪುಡಿ. ಮುಷ್ಟಿಯಲ್ಲಿ ಬೆಲ್ಲ ಹಾಗೇ ಇತ್ತು.

"ಆಯಿ, ಗುಡ್ಡು ಗುಡ್ಡು" ಎಂದಳು.

"ಹೌದವ್ವ. ಗುಡ್ಡು ಗುಡ್ಡು. ಬಾ."

ನಾವು ಅಂಗಳ ದಾಟಿ ಬೇವಿನ ಬುಡ ಮುಟ್ಟುವಷ್ಟರಲ್ಲಿ ಎರಡನೆಯದು ಬಂತು. ಉಗ್ರಾಣದ ಅಟ್ಟ ಮುರಿದು ಎಣ್ಣೆ ಡಬ್ಬಿಗಳೆಲ್ಲ ಚೀಲದ ಮೇಲೆ ಬಿದ್ದವು. ಜಗದೇವಿ ತಂಗಿಯನ್ನು ನನ್ನಿಂದ ಕಿತ್ತುಕೊಂಡು, ನೆಲದ ಮೇಲೆ ಕೂತು, ಅವಳ ಕಾಲು ಕೈ ಎಲ್ಲ ಒಂದೊಂದೇ ಮುಟ್ಟಿ ನೋಡಿದಳು. ಆಗ ಅತ್ತಳು.

ಅವತ್ತು ಸಂಜೆ ಸರ್ ತಣ್ಣಗಾದ ಬೇಳೆಯ ಪಾತ್ರೆಯ ಮುಂದೆ ಕೂತು ನನಗೆ ಹೇಳಿದರು: "ಆಡು ಅಂತ ಮೊದಲ ಅಂದದ್ದು ನಾನು."

"ಮಲಗಿಸಿದ್ದು ನಾನ್ರಿ" ಎಂದೆ.

ಎರಡು ದಿನ ಬಿಟ್ಟು ಕೇಂದ್ರದಿಂದ ಕರೆ ಬಂತು. ಸರ್ ಮತ್ತು ನಾನು ಬಸ್ಸು ಹತ್ತಿ ಹೋದೆವು. ದೊಡ್ಡ ಕೋಣೆ. ಗೋಡೆತುಂಬ ಜಿಲ್ಲೆಯ ನಕಾಶೆ, ಒಂದೊಂದು ಶಾಲೆಗೂ ಒಂದೊಂದು ಚೌಕ, ಚೌಕದೊಳಗೆ ಹಸಿರು ಚುಕ್ಕೆಗಳು ಇರುವೆಗಳ ಹಾಗೆ ಹರಿದಾಡುತ್ತಿದ್ದವು. ಆ ದನಿಯ ಹುಡುಗಿಯ ಹೆಸರು ನಸ್ರೀನ್. ದನಿ ಕೇಳಿ ಎತ್ತರದವಳಿರಬೇಕು ಎಂದುಕೊಂಡಿದ್ದೆ. ನನ್ನ ಭುಜಕ್ಕೆ ಬರುವಷ್ಟಿದ್ದಳು. ನಮಗೆ ಚಹಾ ತರಿಸಿ, ಪರದೆಯ ಮುಂದೆ ಕೂರಿಸಿಕೊಂಡಳು.

"ಹಸಿರು ಮಕ್ಕಳು. ಈಗ ಅವು ತಗೀತೀನಿ, ನೋಡ್ರಿ."

ಹಸಿರೆಲ್ಲ ಹೋಯಿತು. ನಕಾಶೆಯ ಮೇಲೆ ಬೂದು ಚುಕ್ಕೆಗಳು ಉಳಿದವು. ಒಂದು ಚೌಕದಲ್ಲಿ ಎರಡು, ಒಂದರಲ್ಲಿ ಐದು, ನಮ್ಮದರಲ್ಲಿ ಎರಡು. ಕಸ್ತೂರಿ ಅವತ್ತು ಬಂದಿರಲಿಲ್ಲ.

"ಇವು ಜಿಲ್ಲಾದಾಗಿನ ಆಡು. ಏಳುನೂರಾ ನಾಕು" ಎಂದಳು ನಸ್ರೀನ್. "ಹತ್ತಕ್ಕ ಗಂಟಿ ಹೊಡದಾಗ ಬರ್ತಾವ. ಊಟದ ಹೊತ್ತಿಗೆ ಅಡಗಿಮನಿ ಕಡಿ ಹೋಗ್ತಾವ. ನಾಕೂವರಿಗೆ ಮಕ್ಕಳ ಜೋಡಿ ಮನಿಗಿ ಹೋಗ್ತಾವ. ಭಾನುವಾರ ಒಂದೂ ಬರಂಗಿಲ್ಲ. ಆಡಿಗಿ ಭಾನುವಾರ ಹ್ಯಾಂಗ ಗೊತ್ತಾಗ್ತದ ಆಯಿ?"

ಸರ್ ಚಹಾದ ಲೋಟ ಕೆಳಗಿಟ್ಟರು.

"ನಿಮಗ ಗೊತ್ತಿತ್ತಾ?" ಎಂದು ಕೇಳಿದರು.

"ಎಂಟು ತಿಂಗಳಿಂದ ಅನುಮಾನ ಇತ್ರಿ. ಮ್ಯಾಲಿನವರಿಗೆ ಹೇಳ್ದೆ. ನಿನ್ನ ಅನುಮಾನದ ಮ್ಯಾಲೆ ಯಂತ್ರ ಬದಲಿ ಮಾಡ್ಲಿಕ್ಕಿ ಬರಂಗಿಲ್ಲ, ಶಾಲಿಯವರು ಬರದು ಕೊಡ್ಲಿ ಅಂದ್ರು. ಒಂದೊಂದು ಶಾಲಿಗೆ ಫೋನ್ ಹಚ್ಚಿ ಕೇಳ್ದೆ. ಎಲ್ಲಾರೂ ಒಂದೇ ಮಾತು. ಆಡ್ರಿ ಮೇಡಂ. ಒಬ್ಬರು ಮಾತ್ರ ಬಾತುಕೋಳಿ ಅಂದ್ರು."

ನಾವು ಮೂವರೂ ನಕ್ಕೆವು. ನಗು ಬೇಗ ನಿಂತಿತು. ಎಷ್ಟು ಶಾಲೆ, ಎಷ್ಟು ಸರ್, ಎಷ್ಟು ಅಡುಗೆಯವರು. ಎಲ್ಲರೂ ಕರುಣೆಯಿಂದಲೇ ಹೇಳಿದ್ದರು. ಆ ಕರುಣೆಯೆಲ್ಲ ಸೇರಿ ಗೋಡೆಯ ಮೇಲೆ ಬೂದು ಚುಕ್ಕೆಗಳಾಗಿ ಕೂತಿತ್ತು.

"ಬರದರ ಏನಾಗ್ತದವ್ವ?" ಎಂದೆ.

ನಸ್ರೀನ್ ಹಸಿರು ಚುಕ್ಕೆಗಳನ್ನು ಪರದೆಗೆ ಮತ್ತೆ ತಂದಳು. "ಹೆಸರು ಹಚ್ಚಿ ಹೆಜ್ಜಿ ಕಲಿಸ್ರಿ ಅಂತ ಹುಕುಂ ಬರಬಹುದು. ಹೊರಗ ಹಾಕ್ರಿ ಅಂತಲೂ ಬರಬಹುದು. ನಾ ಮಾತು ಕೊಡಂಗಿಲ್ಲ. ಬಂದ ಕಾಗದ ಮುಚ್ಚಿಡಂಗಿಲ್ಲ, ಅದೊಂದು ಹೇಳ್ತೀನಿ. ಅದರ ಜೋಡಿ ಈ ಭಾನುವಾರದ ನಕಾಶಿನೂ ಇಡ್ತೀನಿ."

ಊರಿಗೆ ಬಂದು ನಾನು ಸೀದಾ ಮಲ್ಕಮ್ಮನ ಮನೆಗೆ ಹೋದೆ. ಅವಳು ಆಗ ತಾನೇ ಖಣಿಯಿಂದ ಬಂದು, ರೆಪ್ಪೆಯ ಮೇಲಿನ ಕಲ್ಲುಪುಡಿ ತೊಳೆದುಕೊಳ್ಳುತ್ತಿದ್ದಳು. ನಡುಕದ ದಿನದಿಂದ ಎರಡೂ ಮಕ್ಕಳನ್ನು ಮನೆಯಲ್ಲೇ ಇಟ್ಟುಕೊಂಡಿದ್ದಳು. ಜಗದೇವಿ ಒಲೆಯ ಮುಂದೆ ಕೂತು ಇದ್ದಿಲಿನಿಂದ ನೆಲದ ಮೇಲೆ ಲೆಕ್ಕ ಮಾಡುತ್ತಿದ್ದಳು.

ಎಲ್ಲ ಹೇಳಿದೆ. ಹೊರಗೆ ಹಾಕಬಹುದು ಎಂಬುದನ್ನೂ ಹೇಳಿದೆ. ಮಲ್ಕಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

"ಆಯಿ, ಅವತ್ತು ಆಗಬಾರದ್ದು ಆಗಿದ್ರ, ನಿಮ್ಮ ಯಂತ್ರದಾಗ ಏನಂತ ಬರೀತಿದ್ರು?"

ಉತ್ತರವನ್ನೂ ಅವಳೇ ಕೊಟ್ಟಳು.

"ಆಡು ಸತ್ತದ ಅಂತ ಬರೀತಿದ್ರು" ಎಂದಳು. ಸಿಟ್ಟಿನಿಂದಲ್ಲ. ಕಾಯಿಸಿದ ನೀರು ಆರಿದೆ ಎಂದು ಹೇಳುವವರ ಹಾಗೆ. "ನೀ ಕಾಗದ ಹಾಕು. ಮುಂದಿಂದು ಮುಂದ."

ಜಗದೇವಿ ಇದ್ದಿಲು ಕೆಳಗಿಟ್ಟಳು. "ಕಸ್ತಿಗೆ ಗೇಟಿನ ಹೊರಗ ಕುಂದರಸು ಅಂದ್ರ ನಾನೂ ಅಲ್ಲೇ ಕುಂದರ್ತೀನಿ ಆಯಿ. ಗೇಟಿನ ಸಂದಿಂದ ಕರಿ ಹಲಗಿ ಕಾಣಸ್ತದ. ನೋಡೀನಿ."

ಮರುದಿನ ಮುಂಜಾನೆ ಅರಿಶಿಣದ ಡಬ್ಬಿ ಬರಿದು ಮಾಡಿದೆ. ಕಾಗದ ಹೊರಗೆ ಬಂತು, ಹಳದಿಯಾಗಿ. ಅಕ್ಷರ ಮಾಸಿರಲಿಲ್ಲ. ಹೊಸ ಹಾಳೆಯಲ್ಲಿ ಬರೆಯೋಣವೆಂದು ಸರ್ ಅಂದರು. ಬೇಡ, ಇದೇ ಇರಲಿ, ಎಷ್ಟು ತಡವಾಯಿತೆಂದು ಅವರಿಗೂ ತಿಳಿಯಲಿ ಎಂದೆ. ಅದರ ಕೆಳಗೆ ಜಾಗವಿತ್ತು.

ಮೂರು ಕೂಸುಗಳನ್ನೂ ಉಗ್ರಾಣದ ಅಕ್ಕಿ ತೂಗುವ ಯಂತ್ರದ ಮೇಲೆ ಒಂದೊಂದಾಗಿ ನಿಲ್ಲಿಸಿದೆವು. ಜಗದೇವಿ ತೂಕ ಓದಿ ಹೇಳಿದಳು, ನಾನು ಬರೆದೆ. ಕಸ್ತೂರಿ ಇಳಿಯಲೊಲ್ಲೆ ಎಂದು ಹಟ ಮಾಡಿದಳು. ಮುಳ್ಳು ಅಲ್ಲಾಡುವುದನ್ನು ನೋಡಲು ಅವಳಿಗೆ ಕುಣಿಯಬೇಕಿತ್ತು. ಜೂನಿನ ಸಾಲುಗಳ ಕೆಳಗೆ ಕಾಗದ ಹೀಗೆ ಮುಗಿಯಿತು:

"ನಮ್ಮ ಶಾಲೆಯಲ್ಲಿ ನೀವು ಪ್ರಾಣಿ ಎಂದು ಬರೆದುಕೊಂಡಿರುವವರ ವಿವರ. ಕಸ್ತೂರಿ, ಹತ್ತೂವರೆ ಕಿಲೋ, ಕಾಲು ಎರಡು. ಸುಧಾ, ಹತ್ತು ಕಿಲೋ, ಕಾಲು ಎರಡು. ರೇಣುಕಾ, ಹನ್ನೊಂದು ಕಿಲೋ, ಕಾಲು ಎರಡು. ಮೂವರೂ ಉಣ್ಣುತ್ತಾರೆ, ಮಲಗುತ್ತಾರೆ, ಕರೆದರೆ ತಿರುಗಿ ನೋಡುತ್ತಾರೆ. ಇವರನ್ನು ಹೊರಗೆ ಹಾಕಿದರೆ ಇವರ ಅಕ್ಕಂದಿರೂ ಹೊರಗೆ ಹೋಗುತ್ತಾರೆ. ಆದ್ದರಿಂದ ನಿಮ್ಮ ನೆಲಕ್ಕೆ ಇವರ ಹೆಸರು ಕಲಿಸಬೇಕಾಗಿ ಬೇಡಿಕೊಳ್ಳುತ್ತೇನೆ. ಚಂದಮ್ಮ, ಅಡುಗೆಯವಳು."

ಅದರ ಕೆಳಗೆ ಸರ್ ಪೆನ್ನು ತೆಗೆದುಕೊಂಡು, "ಜೂನ್ ತಿಂಗಳಲ್ಲಿ ಆಡು ಎಂದು ತಿಳಿಸಿದವನು ನಾನು. ಅದು ಸುಳ್ಳು" ಎಂದು ಬರೆದು ಸಹಿ ಹಾಕಿದರು. ಮುದ್ರೆಯನ್ನೂ ಒತ್ತಿದರು. ಅವರಿಗೆ ನಿವೃತ್ತಿಗೆ ಇನ್ನು ಎರಡು ವರ್ಷವಿತ್ತು.

ಹತ್ತೂವರೆಗೆ ಅಂಚೆಯ ರಾಜಾಸಾಬ ಗೇಟಿಗೆ ಸೈಕಲ್ ಒರಗಿಸಿದ. ಲಕೋಟೆಯನ್ನು ಮೂಗಿಗೆ ಹಿಡಿದು ನೋಡಿದ.

"ಏನ್ ಆಯಿ, ಅರಿಶಿಣದ ವಾಸನಿ. ಯಾರ ಮದಿವಿ ಕಾರ್ಡು?"

"ಮದಿವಿ ಅಲ್ಲಪ್ಪ. ಒಳಗ ಮೂರು ಕೂಸಿನ ಹೆಸರು ಅದಾವ. ತೋಯಿಸಬ್ಯಾಡ."

ಅವನು ಅದನ್ನು ಚೀಲಕ್ಕೆ ಹಾಕದೆ ಅಂಗಿಯ ಜೇಬಿನಲ್ಲಿಟ್ಟು ಗುಂಡಿ ಹಾಕಿಕೊಂಡ. ಹಿಂದೆ ಅಡುಗೆಕೋಣೆಯಲ್ಲಿ ಡಬ್ಬಿ ಗುರ್ ಎಂದಿತು. ಇಂದು ಮಕ್ಕಳು, ನೂರ ಹದಿನೆಂಟು. ಪ್ರಾಣಿ, ಮೂರು. ನಾನು ಗೇಟು ಹಿಡಿದು ನಿಂತೇ ಇದ್ದೆ. ರಾಜಾಸಾಬನ ಸೈಕಲ್ಲು ಖಣಿಯ ತಿರುವು ದಾಟಿ, ದೊಡ್ಡ ರಸ್ತೆ ಹತ್ತಿ, ಕಣ್ಣಿಗೆ ಕಾಣದಾದ ಮೇಲೆ ಒಳಗೆ ಹೋಗಿ ಅಕ್ಕಿ ಅಳೆದೆ.